ಸಂಗಾತಿ ಅಗಲಿದ ಮನೆಯಲ್ಲಿ ಮೊದಲು ಉಳಿಸಬೇಕಾದ್ದು ಯಾವುದು? ದನಿ, ಫೋಟೋ, ಕೈಬರಹ, ಸೀರೆ

ವಾಚನಾಲಯದ ಮೇಜು

ಹಿರಿಯ ನಾಗರಿಕರ ಬಳಗಕ್ಕೆ ಒಂದು ಸಣ್ಣ ಕೈಪಿಡಿ ತಯಾರಾಗ್ತಿದೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಪಿಂಚಣಿ, ಬ್ಯಾಂಕು, ಖಾತೆ ಬದಲಾವಣೆ ಬಗ್ಗೆ ಕೇಳಿದರೆ ಹೇಳೋಕೆ ಜನ ಇದ್ದಾರೆ. "ಮೊಬೈಲಲ್ಲಿ ಅವಳ ದನಿ ಇದೆ, ತೆಗೆದಿಡೋದು ಹೇಗೆ", "ಫೋಟೋ ಗಾಜಿಗೆ ಅಂಟಿಕೊಂಡಿದೆ", "ಬೀರು ತುಂಬ ಸೀರೆ ಇದೆ, ಏನು ಮಾಡ್ಲಿ" ಅಂತ ಕೇಳಿದರೆ ಹೇಳೋರಿಲ್ಲ. ಸಮಾಧಾನದ ಮಾತು ಬೇಡ, ಅದನ್ನು ಬಂದವರೆಲ್ಲ ಹೇಳಿ ಹೋಗ್ತಾರೆ. ಕೆಲಸ ಬಲ್ಲವರು ಕ್ರಮ, ಅಳತೆ, ಎಲ್ಲಿ ಕೆಡುತ್ತೆ ಅನ್ನೋದನ್ನು ಬರೀರಿ.

ಟೇಪ್ ರಿಪೇರಿ

ದನಿಯಿಂದ ಶುರು ಮಾಡಿ. ಸೀರೆ ಹತ್ತು ವರ್ಷ ಕಾಯುತ್ತೆ, ಫೋನು ಕಾಯಲ್ಲ.

ಮೊದಲ ತಿಂಗಳಲ್ಲಿ ನಡೆಯುವ ಎಡವಟ್ಟು ಇದೇ: ಫೋನನ್ನು ಮೊಮ್ಮಗನಿಗೆ ಕೊಡೋಣ ಅಂತ ಯಾರೋ ರೀಸೆಟ್ ಮಾಡಿಬಿಡ್ತಾರೆ. ಅದನ್ನು ತಡೆಯಿರಿ. ಲಾಕ್ ಗೊತ್ತಿಲ್ಲದಿದ್ದರೆ ಅಂದಾಜಿನ ಮೇಲೆ ಪಿನ್ ಒತ್ತುತ್ತಾ ಕೂರಬೇಡಿ. ಐಫೋನಿನಲ್ಲಿ 10 ಸಲ ತಪ್ಪಿದರೆ ಎಲ್ಲ ಅಳಿಸಿಹೋಗುವ ಹಾಗೆ ಸೆಟ್ಟಿಂಗ್ ಹಾಕಿಟ್ಟಿರಬಹುದು. ಸಿಮ್‌ಗೆ ರೀಚಾರ್ಜ್ ನಿಲ್ಲಿಸಬೇಡಿ. ಪ್ರಿಪೇಯ್ಡ್ ನಂಬರು 90 ದಿನ ಬಳಕೆ ಇಲ್ಲದಿದ್ದರೆ ನಿಂತುಹೋಗಬಹುದು, ಆಮೇಲೆ ಅದೇ ನಂಬರು ಬೇರೆಯವರ ಪಾಲಾಗುತ್ತೆ. ವಾಟ್ಸಾಪ್ ಖಾತೆ ಸುಮ್ಮನೆ ಬಿದ್ದಿದ್ದರೆ ಸಾಮಾನ್ಯವಾಗಿ 120 ದಿನಕ್ಕೆ ಅಳಿಸಿಹಾಕ್ತಾರೆ. ಗೂಗಲ್ ಖಾತೆಗೆ ಎರಡು ವರ್ಷದ ಗಡುವು. ಫೋಟೋಗಳೆಲ್ಲ ಅಲ್ಲೇ ಇದ್ದರೆ ಅದನ್ನೂ ಮರೀಬೇಡಿ.

ವಾಯ್ಸ್ ಮೆಸೇಜು ತೀರಿಕೊಂಡವರ ಫೋನಿನಲ್ಲಿ ಮಾತ್ರ ಇರೋದಿಲ್ಲ. ಅವರು ಕಳಿಸಿದ್ದು ನಿಮ್ಮ ಫೋನಿನಲ್ಲಿದೆ, ಮಗಳದ್ದರಲ್ಲಿದೆ, ತಂಗಿಯದ್ದರಲ್ಲಿದೆ. ಆಂಡ್ರಾಯ್ಡ್ ಆದರೆ ಫೈಲ್ ಮ್ಯಾನೇಜರ್ ತೆರೆದು ಹೀಗೆ ಹೋಗಿ: ಆಂಡ್ರಾಯ್ಡ್, ಮೀಡಿಯಾ, ಕಾಮ್ ಡಾಟ್ ವಾಟ್ಸಾಪ್, ವಾಟ್ಸಾಪ್, ಮೀಡಿಯಾ, ವಾಟ್ಸಾಪ್ ವಾಯ್ಸ್ ನೋಟ್ಸ್. ಒಳಗೆ ವಾರಕ್ಕೊಂದು ಫೋಲ್ಡರ್, 202418 ಅಂದರೆ 2024ರ 18ನೇ ವಾರ. ತೊಡಕು ಏನಂದ್ರೆ, ಕಳಿಸಿದವರ ಹೆಸರು ಫೈಲಿನ ಮೇಲಿರಲ್ಲ, ಹತ್ತಾರು ಜನರ ದನಿ ಒಂದೇ ಕಡೆ ಕಲಸಿಹೋಗಿರುತ್ತೆ. ಅದಕ್ಕೇ ಮೊದಲು ಅವರ ಚಾಟ್ ತೆರೆದು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿ. ಯಾವ ದನಿ ಯಾವ ಮಾತಿನ ಮಧ್ಯೆ ಬಂತು ಅನ್ನೋದೂ ಜೊತೆಗೆ ಸಿಗುತ್ತೆ. ಎಕ್ಸ್‌ಪೋರ್ಟಿಗೆ ಮಿತಿ ಇದೆ, ಹಳೆಯವು ಬಿಟ್ಟುಹೋಗಬಹುದು. ಹಾಗಾಗಿ ಇಡೀ ಫೋಲ್ಡರನ್ನೂ ಪ್ರತ್ಯೇಕವಾಗಿ ಕಾಪಿ ಮಾಡಿ.

ಆ ಫೈಲುಗಳು ಓಪಸ್ ಅನ್ನೋ ಬಗೆಯವು. ಎಂಪಿ3 ಮಾಡಿ ಮೂಲ ಅಳಿಸೋದು ತಪ್ಪು, ಪ್ರತಿ ಪರಿವರ್ತನೆಯಲ್ಲೂ ದನಿ ಸ್ವಲ್ಪ ಸವೆಯುತ್ತೆ. ಮೂಲ ಇರಲಿ, ಕೇಳೋಕೆ ಬೇರೆ ಪ್ರತಿ ಮಾಡಿ.

ಕೊಡಿಯಾಲದವ

ಕ್ಯಾಸೆಟ್ ಇದ್ದರೆ ಏನು ಮಾಡ್ಬೇಕು ಮಾರಾಯ್ರೆ? ನಮ್ಮ ಕರಾವಳಿಯಲ್ಲಿ ಹಳೇ ಕ್ಯಾಸೆಟ್ ಅಂದ್ರೆ ಬೂಸ್ಟೇ.

ಟೇಪ್ ರಿಪೇರಿ

ರೀಲಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಪ್ಲೇಯರಿಗೆ ಹಾಕಲೇಬೇಡಿ. ಆ ಬೂಸ್ಟು ಹೆಡ್ಡಿಗೆ (ಪ್ಲೇಯರಿನಲ್ಲಿ ಟೇಪು ಓದುವ ಭಾಗಕ್ಕೆ) ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತೆ. ಅದನ್ನು ಬಲ್ಲವರ ಕೈಗೆ ಕೊಡಿ.

ಚೊಕ್ಕಟವಾಗಿದ್ದರೆ ಕ್ಯಾಸೆಟ್ಟಿನ ಬಾಯಲ್ಲಿ, ಟೇಪಿನ ಹಿಂದೆ, ಒಂದು ಸಣ್ಣ ಬಟ್ಟೆಯ ತುಂಡು ಇರುತ್ತೆ, ಅದನ್ನು ನೋಡಿ. ಅಂಟು ಒಣಗಿ ಅದು ಬಿದ್ದುಹೋಗಿದ್ದರೆ ದನಿ ಮಂಕಾಗಿ, ಏರಿಳಿಯುತ್ತಾ ಬರುತ್ತೆ. ಜನ ಟೇಪೇ ಹಾಳಾಗಿದೆ ಅಂತ ಎಸೆದುಬಿಡ್ತಾರೆ. ಐದು ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ ಬಿಚ್ಚಿ, ಈ ಎರಡು ಸುರುಳಿಯನ್ನು ಅದರೊಳಗೆ ಕೂರಿಸಿದರೆ ಮುಗೀತು. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿಸಿ, ಆಮೇಲೆ ರೆಕಾರ್ಡ್ ಮಾಡಿ. ವರ್ಷಗಟ್ಟಲೆ ಸುತ್ತಿಕೊಂಡಿದ್ದ ಟೇಪು ಸಡಿಲವಾಗಲಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಕಡ್ಡಿಯಲ್ಲಿ ಒರೆಸಿ. ಕಂಪ್ಯೂಟರಿಗೆ ತಗೊಳ್ಳುವಾಗ ವೇವ್ ಫೈಲು, 24 ಬಿಟ್, 48 ಕಿಲೋಹರ್ಟ್ಜ್. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತೆ. ಈಗಿನ ಕಾಲಕ್ಕೆ ಅದೇನೂ ದೊಡ್ಡದಲ್ಲ.

ಗಿಜಿಗಿಜಿ ಸದ್ದು ತೆಗೆಯೋಕೆ ಹೋಗಿ ದನಿಯ ಉಸಿರೇ ತೆಗೆದುಬಿಡೋರು ಜಾಸ್ತಿ. ಫ್ಯಾನಿನ ಸದ್ದು, ಕುಕ್ಕರ್ ಕೂಗು ಇದ್ದರೆ ಇರಲಿ ಬಿಡಿ.

ಇನ್ನೊಂದು ಕಡೆ ಹುಡುಕಿ: ಮನೆಯ ಹಳೇ ವಿಡಿಯೋಗಳು. ಕ್ಯಾಮೆರಾ ಹಿಡಿದವರು ಚಿತ್ರದಲ್ಲಿ ಕಾಣೋದಿಲ್ಲ, ಆದರೆ "ಈ ಕಡೆ ನೋಡು, ನಗು" ಅಂತ ಹಿಂದಿನಿಂದ ಮಾತಾಡೋದು ಅವರೇ. ಅವರು ಕಾಣಿಸದ ವಿಡಿಯೋದಲ್ಲೇ ಅವರ ದನಿ ಹೆಚ್ಚಾಗಿ ಸಿಗುತ್ತೆ.

ಫ್ರೇಮ್ ಅಂಗಡಿ

ಗಾಜಿಗೆ ಅಂಟಿದ ಫೋಟೋಗೆ ಉತ್ತರ. ಕೀಳಬೇಡಿ. ಫೋಟೋದ ಮೇಲ್ಪದರ ಜೆಲಟಿನ್, ತೇವ ಹಿಡಿದು ಮೆತ್ತಗಾಗಿ ಗಾಜಿಗೆ ಹಿಡಿದುಕೊಂಡಿರುತ್ತೆ. ಎಳೆದರೆ ಮುಖ ಗಾಜಿನ ಮೇಲೆ, ಕಾಗದ ನಿಮ್ಮ ಕೈಯಲ್ಲಿ. ಚೌಕಟ್ಟು ಮತ್ತು ಹಿಂದಿನ ಹಲಗೆ ಮಾತ್ರ ಬಿಚ್ಚಿ, ಗಾಜಿನ ಹೊರಮೈ ಒರೆಸಿ, ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಮಲಗಿಸಿ ಸ್ಕ್ಯಾನ್ ಮಾಡಿ. ಪಾಸ್‌ಪೋರ್ಟ್ ಅಳತೆಯದ್ದಾದರೆ 1200 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅಂತ ಸ್ಕ್ಯಾನಿನ ಅಳತೆ), ಪೋಸ್ಟ್‌ಕಾರ್ಡ್ ಅಳತೆಗೆ 600 ಸಾಕು. ಟಿಫ್ ಫೈಲಾಗಿ ಉಳಿಸಿ.

ಅಂಟೋದು ಯಾಕೆ? ಗಾಜು ಮತ್ತು ಫೋಟೋ ಮಧ್ಯೆ ಜಾಗ ಬಿಡದೆ ಕಟ್ಟಿರೋದ್ರಿಂದ. ಹೊಸದಾಗಿ ಕಟ್ಟಿಸುವಾಗ ಸುತ್ತ ದಪ್ಪ ಕಾಗದದ ಮೌಂಟ್ ಹಾಕಿ 2–3 ಮಿಲಿಮೀಟರ್ ಅಂತರ ಬಿಡಿಸಿ. ಗೋಡೆಗೂ ಚೌಕಟ್ಟಿಗೂ ಮಧ್ಯೆ ಗಾಳಿ ಆಡಲಿ, ಹಿಂಬದಿಯ ಎರಡು ಕೆಳಮೂಲೆಗೆ ಕಾರ್ಕ್ ಚೂರು ಅಂಟಿಸಿದರೆ ಆಯ್ತು. ಮಳೆ ಬಡಿಯೋ ಗೋಡೆಗೆ ನೇತುಹಾಕಲೇಬೇಡಿ.

ಮುಖ್ಯವಾದ್ದು: ಹಾರ ಹಾಕೋ ಚೌಕಟ್ಟಿನೊಳಗೆ ಮೂಲ ಫೋಟೋ ಇಡಬೇಡಿ, ಪ್ರಿಂಟ್ ಹಾಕಿಸಿ. ಕುಂಕುಮ ಕಲಸಿದ ನೀರು ಗಾಜಿನ ಮೇಲಿಂದ ಇಳಿದು ಕೆಳಗಿನ ಸಂದಿಯಲ್ಲಿ ಒಳಗೆ ಹೋಗುತ್ತೆ. ಕೆಳ ಅಂಚಿನಲ್ಲಿ ಕೆಂಪು ಗೆರೆ ಬಿದ್ದ ಫೋಟೋಗಳು ರಿಪೇರಿಗೆ ಬರ್ತಾನೇ ಇರ್ತವೆ. ದೀಪ ಕೆಳಗಿದ್ದರೆ ಶಾಖಕ್ಕೆ ಪ್ರಿಂಟ್ ಸುಕ್ಕಾಗುತ್ತೆ, ಒಂದು ಮೊಳವಾದರೂ ಆಚೆ ಇಡಿ.

ಕೊಡಿಯಾಲದವ

ಅಂಟು ಹಾಳೆಯ ಆಲ್ಬಮ್‌ಗಳು? ಮೇಲೆ ಪ್ಲಾಸ್ಟಿಕ್ ಇರ್ತದಲ್ಲ, ಎತ್ತಿ ಅಂಟಿಸೋದು.

ಫ್ರೇಮ್ ಅಂಗಡಿ

ಅವೇ ಎಲ್ಲಕ್ಕಿಂತ ಕೆಟ್ಟವು. ಅಂಟು ಹಳದಿಯಾಗಿ ಫೋಟೋ ಹಿಂಬದಿಗೆ ಇಳಿಯುತ್ತೆ. ಮೊದಲು ಹಾಳೆ ಇದ್ದ ಹಾಗೇ, ಪ್ಲಾಸ್ಟಿಕ್ ಎತ್ತಿ, ಒಂದೊಂದು ಪುಟ ಸ್ಕ್ಯಾನ್ ಮಾಡಿ. ಆಮೇಲೆ ಬಿಡಿಸಿ. ಹಲ್ಲು ಸಂದಿಗೆ ಬಳಸೋ ಫ್ಲಾಸ್ ದಾರವನ್ನು ಮೂಲೆಯಿಂದ ಒಳಗೆ ಸೇರಿಸಿ ಗರಗಸದ ಹಾಗೆ ಹಿಂದೆಮುಂದೆ ಆಡಿಸ್ತಾ ಬನ್ನಿ. ಫೋಟೋ ಬಗ್ಗಿಸಬಾರದು. ಪಟ್ಟು ಹಿಡಿದು ಕೂತರೆ ಬಿಡಿ, ಹಾಳೆಯನ್ನೇ ಸುತ್ತ ಕತ್ತರಿಸಿ ಇಟ್ಟುಕೊಳ್ಳಿ.

ಹೆಸರು, ಊರು, ವರ್ಷ ಬರೆಯೋದು ಈ ಕೆಲಸದ ಅರ್ಧ. ಬಾಲ್‌ಪೆನ್ನಿನಲ್ಲಿ ಹಿಂದೆ ಒತ್ತಿ ಬರೆದರೆ ಮುಂದೆ ಮುಖದ ಮೇಲೆ ಉಬ್ಬು ಮೂಡುತ್ತೆ. ಕಾಗದದ ಕವರಿಗೆ ಬರೆದು ಅದರೊಳಗೆ ಫೋಟೋ ಹಾಕಿ.

ತಾಳೆಗರಿ

ಕೈಬರಹದ ಬಗ್ಗೆ. ಪ್ರೇಮಪತ್ರ ಇರುವ ಮನೆ ಕಡಿಮೆ. ಹಾಲಿನ ಲೆಕ್ಕ, ಚೀಟಿ ಹಣದ ಲೆಕ್ಕ, ರಂಗೋಲಿ ಪುಸ್ತಕ, ಅಡುಗೆ ಪಟ್ಟಿ, ಪಂಚಾಂಗದ ಅಂಚಿನಲ್ಲಿ ಗೀಚಿದ "ಗ್ಯಾಸ್ ಬಂತು" ಇವೇ ಸಿಗೋದು. ಹಳೇ ಕ್ಯಾಲೆಂಡರುಗಳನ್ನು ರದ್ದಿಗೆ ಹಾಕೋ ಮುನ್ನ ತಿಂಗಳು ತಿಂಗಳು ತಿರುವಿ ನೋಡಿ.

ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿ ಅಂಟು ಕಾಗದದೊಳಗೆ ಸೇರಿಬಿಡುತ್ತೆ, ಮತ್ತೆ ಬಿಡಿಸೋಕಾಗಲ್ಲ. ಸೆಲ್ಲೋಟೇಪೂ ಬೇಡ, ಕೆಲ ವರ್ಷಕ್ಕೆ ಕಂದು ಪಟ್ಟೆಯಾಗುತ್ತೆ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪ್ಲರ್ ಪಿನ್ ತೆಗೀರಿ. ಇನ್‌ಲ್ಯಾಂಡ್ ಪತ್ರವನ್ನು ಬಿಚ್ಚಿ, ಎರಡು ಬಿಳಿ ಹಾಳೆ ಮಧ್ಯೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಎರಡು ದಿನ ಬಿಟ್ಟು ಸ್ಕ್ಯಾನ್ ಮಾಡಿ. ಮಡಿಕೆಯ ಅಂಚಿನಲ್ಲಿ, ವಿಳಾಸದ ಪಕ್ಕದಲ್ಲಿ ಒಂದೆರಡು ಸಾಲು ತುರುಕಿರ್ತಾರೆ, ಬಿಟ್ಟುಹೋಗದಿರಲಿ. ಬಸ್ ಟಿಕೆಟ್, ಅಂಗಡಿ ರಸೀದಿಯಂಥ ನಯವಾದ ಕಾಗದದ ಅಕ್ಷರ ತಾನಾಗೇ ಮಾಸುತ್ತೆ. ಅವುಗಳ ಫೋಟೋ ಇವತ್ತೇ ತೆಗೆದಿಡಿ.

ಟೈಪ್ ಮಾಡಿಸುವಾಗ ಕಾಗುಣಿತ ತಿದ್ದಬೇಡಿ. ಅವರು "ಬೆಲ್ಲಾ" ಅಂತ ಬರೆದಿದ್ದರೆ "ಬೆಲ್ಲಾ" ಅಂತಲೇ ಇರಲಿ.

ಒಗ್ಗರಣೆ ಸೌಟು

ಅಡುಗೆ ಪಟ್ಟಿ ಅಂದ್ರಲ್ಲ, ಅಲ್ಲಿ ಎಲ್ಲರೂ ಸೋಲೋ ಜಾಗ ಒಂದಿದೆ. ಪುಸ್ತಕದಲ್ಲಿ "ಧನಿಯಾ 2 ಲೋಟ, ಮೆಣಸಿನಕಾಯಿ 3 ಲೋಟ, ಕಡ್ಲೆಬೇಳೆ ಅರ್ಧ" ಅಂತಿರುತ್ತೆ. ಯಾವ ಲೋಟ? ಅಂಗಡಿಯಿಂದ ತಂದ ಅಳತೆ ಕಪ್ಪಿನಲ್ಲಿ ಮಾಡಿ, "ಅವಳ ಕೈರುಚಿ ಬರ್ಲಿಲ್ಲ" ಅಂತ ಕೈಬಿಡ್ತಾರೆ. ಪುಡಿ ಡಬ್ಬಿಯೊಳಗೋ ಅಕ್ಕಿ ಡ್ರಮ್ಮಿನೊಳಗೋ ಒಂದು ಲೋಟ ಕೂತಿರುತ್ತಲ್ಲ, ಅದೇ ಅಳತೆ. ಪಾತ್ರೆ ಹಂಚಿಕೊಳ್ಳುವ ಗಡಿಬಿಡಿಯಲ್ಲಿ ಅದನ್ನು ಕೆಲಸದವರಿಗೆ ಕೊಟ್ಟುಬಿಡಬೇಡಿ.

ಲೋಟವನ್ನು ಅಡುಗೆ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಂಠದವರೆಗೆ ನೀರು ತುಂಬಿ. 180 ಗ್ರಾಂ ತೋರಿಸಿದರೆ ಅದು 180 ಮಿಲಿಲೀಟರಿನ ಲೋಟ. ಆಮೇಲೆ ಅದೇ ಲೋಟದಲ್ಲಿ ಒಂದೊಂದು ಸಾಮಾನನ್ನೂ ತುಂಬಿ ತೂಕ ಬರೆದುಕೊಳ್ಳಿ. ಮೆಣಸಿನಕಾಯಿ ಲೋಟದ ಲೆಕ್ಕ ಮಾತ್ರ ನಂಬಬೇಡಿ. ಮುರಿದು ತುಂಬಿದರೆ ಒಂದು ತೂಕ, ಇಡಿಯಾಗಿ ತುಂಬಿದರೆ ಅದರ ಅರ್ಧವೂ ಬರಲ್ಲ. ಎರಡೂ ರೀತಿ ಸ್ವಲ್ಪ ಸ್ವಲ್ಪ ಮಾಡಿ ನೋಡಿ. ಒಮ್ಮೆಗೆ ಕಾಲು ಪಾಲು ಮಾತ್ರ, ಇಡೀ ವರ್ಷದ ಪುಡಿ ಮಾಡಿ ಕೈ ಸುಟ್ಟುಕೊಳ್ಳಬೇಡಿ.

ಇಳಕಲ್ಲ ಸೆರಗು

ಸೀರಿ ವಿಷಯ ನಾ ಹೇಳ್ತೀನ್ರಿ. ಮೊದಲ ಮೂರ್ನಾಕ್ ತಿಂಗಳು ಏನೂ ಹಂಚಬ್ಯಾಡ್ರಿ. ದಿನ ಕರ್ಮ ಮುಗಿಯೂದ್ರಾಗ ಬೀರು ಖಾಲಿ ಮಾಡಿ, ಆಮ್ಯಾಲೆ ಆ ಸೀರಿ ಎಲ್ಲಿ ಹೋತು ಅಂತ ಹುಡುಕೋ ಮನಿ ಭಾಳ ಅದಾವ.

ರೇಷ್ಮಿ ಸೀರಿ ಒಗಿಲಾರ್ದ ಹಂಗ ಇಡಬಾರದು. ಬೆವರಿನ ಉಪ್ಪು ಕಂಕುಳದ ಕಡೆ, ನೆರಿಗಿ ಕಡೆ ರೇಷ್ಮಿ ತಿಂತದ. ಆದ್ರ ಒಗದ್ರ ಅವರ ವಾಸನಿ ಹೋಕ್ಕದ, ಇದ ಜಗಳ. ಉಪಾಯ ಏನಂದ್ರ, ಮನ್ಯಾಗ ಉಡತಿದ್ದ ಹತ್ತಿ ಸೀರಿ ಇಲ್ಲಾ ಕುಪ್ಪಸ ಒಂದನ್ನ ಒಗಿಲಾರ್ದ, ಪೂರಾ ಒಣಗಿದ್ದು ನೋಡಿ, ಜಿಪ್ ಚೀಲದಾಗ ಗಾಳಿ ತಗದು ಮುಚ್ಚಿಡ್ರಿ. ಹಸಿ ಇದ್ರ ಬೂಸ್ಟ ಬರತದ. ಅದು ಕಾಯಂ ಇರೂದಿಲ್ಲ, ತಗದು ಮೂಸಿದಂಗೆಲ್ಲ ಕಮ್ಮಿ ಆಗ್ತದ. ರೇಷ್ಮಿ ಎಲ್ಲಾ ಡ್ರೈಕ್ಲೀನ್ ಮಾಡಿಸಿ, ಗಂಜಿ ಹಾಕಲಾರದ ಹಳೇ ಹತ್ತಿ ಧೋತರದಾಗ ಸುತ್ತಿಡ್ರಿ. ಪ್ಲಾಸ್ಟಿಕ್ ಬ್ಯಾಡ. ಡಾಂಬರ ಗುಳಿಗಿ ಜರಿಗೆ ತಾಗಿದ್ರ ಜರಿ ಕಪ್ಪಾಗ್ತದ. ಮೈಸೂರ್ ಸಿಲ್ಕಿನ ಜರಿಯಾಗ ಬೆಳ್ಳಿನ ನೂರಕ್ಕ 65 ಇರ್ತದ, ಅದಕ್ಕ. ಮೂರು ತಿಂಗಳಿಗೊಮ್ಮೆ ಬಿಚ್ಚಿ ಬ್ಯಾರೆ ಗೆರಿ ಮ್ಯಾಲೆ ಮಡಚಬೇಕು, ಇಲ್ಲಂದ್ರ ಮಡಿಕಿ ಮ್ಯಾಲೆನ ಸೀಳತದ.

ಇಟ್ಟು ಏನ್ ಮಾಡೂದು ಅನ್ನೋರು ಕೌದಿ ಹೊಲಸ್ರಿ. ಲೆಕ್ಕ ಹಿಂಗ: ಸೀರಿ ಐದೂವರಿ ಮೀಟರ್ ಉದ್ದ, 1.15 ಮೀಟರ್ ಅಗಲ ಅಂದ್ರ 6.3 ಚದರ ಮೀಟರ್. ಒಬ್ಬರ ಹೊದಿಕಿ ಒಂದೂವರಿ ಮೀಟರಿಗೆ 2.1, ಅಂದ್ರ ಹತ್ತಿರ ಹತ್ತಿರ 3.15. ಒಂದು ಸೀರ್ಯಾಗ ಎರಡು ಪದರ. ನಾಕ್ ಪದರಕ್ಕ ಎರಡು ಸೀರಿ, ಅಗಲಕ್ಕ ಜೋಡಿಸಿ ಹೊಲಿಬೇಕು ಅಷ್ಟ. ಆರು ಪದರ ದಾಟಿದ್ರ ಸೂಜಿ ಇಳಿಯೂದಿಲ್ಲ. ಮೊದಲ ಒಂದು ಗೇಣಿಗೆ ಒಂದರಂಗ ಅಡ್ಡ ಉದ್ದ ಕಚ್ಚಾ ಹೊಲಿಗಿ ಹಾಕ್ರಿ. ಇದನ್ನ ಬಿಟ್ಟು ಅಂಚಿನಿಂದ ಹೊಲಕೋತ ಬಂದ್ರ ಬಟ್ಟಿ ಎಲ್ಲಾ ನಡುವ ಬಂದು ಗುಡ್ಡ ಆಗ್ತದ. ಆಮ್ಯಾಲೆ ಅಂಚಿನಿಂದ ಸುತ್ತ ಸುತ್ತ ಒಳಗ ಬರ್ರಿ, ಸಾಲಿಗೆ ಸಾಲು ಒಂದು ಬೆರಳು ಅಂತರ. ಪಾಲಿಯೆಸ್ಟರ್ ಸೀರಿ ಹತ್ತಿ ಜೋಡಿ ಹಾಕಬ್ಯಾಡ್ರಿ. ಹತ್ತಿ ಕುಗ್ಗತದ, ಅದು ಕುಗ್ಗೂದಿಲ್ಲ, ಮೊದಲ ಒಗತದಾಗನ ಸುಕ್ಕ ಬೀಳತದ.

ಇಳಕಲ್ಲ ಸೀರಿ ಕತ್ತರಿಸೋರಿಗೆ ಒಂದ್ ಮಾತು: ಸೆರಗು ಮತ್ತ ಮೈ ಕೊಂಡಿ ಹಾಕಿ ಕೂಡಿಸಿದ್ದು ಇರ್ತದ, ಎಳಿಗೆ ಎಳಿ ಸಿಕ್ಕಿಸಿ. ಆ ಕೂಡು ಜಾಗದಾಗ ಕತ್ರಿ ಹಾಕಿದ್ರ ಎಲ್ಲಾ ಬಿಚ್ಚಕೋತದ. ನಾಕ್ ಬೆರಳು ಈಚೆ ಕತ್ತರಿಸ್ರಿ.

ವಾಚನಾಲಯದ ಮೇಜು

ಅಕ್ಕಾರೆ, ಕೌದಿಗೆ ಬಣ್ಣ ಬಿಡೋ ಸೀರೆ ಸೇರಿಬಿಟ್ಟರೆ?

ಇಳಕಲ್ಲ ಸೆರಗು

ಹೊಲಿಯೂಕಿಂತ ಮೊದಲ ನೋಡಬೇಕ್ರಿ. ಬಿಳಿ ಅರಿವಿ ಒದ್ದಿ ಮಾಡಿ ಸೀರಿ ಮೂಲಿ ಮ್ಯಾಲೆ ಜೋರಾಗಿ ತಿಕ್ಕರಿ. ಬಣ್ಣ ಹತ್ತಿದ್ರ ಅದನ್ನ ಬ್ಯಾರೆ ಮೂರ್ನಾಕ್ ಸರ್ತಿ ಒಗದು ಮತ್ತ ತಿಕ್ಕರಿ. ಆಗ್ಲೂ ಬಿಟ್ರ ಅದು ಕೌದಿಗೆ ಬ್ಯಾಡ. ಉಪ್ಪಿನ ನೀರಾಗ ನೆನಸಿದ್ರ ಬಣ್ಣ ನಿಲ್ಲತದ ಅನ್ನೋ ಮಾತು ನಂಬಿ ಕೂಡಬ್ಯಾಡ್ರಿ.

ದಶಮಿ ಏಕಾದಶಿ

ತಿಥಿ ಬಗ್ಗೆ ಯಾರೂ ಬರೆದಿಲ್ಲ. ವರ್ಷಾಬ್ದಿಕ ಮಾಡುವ ಮನೆಗಳಲ್ಲಿ ನೆನಪಿನ ದಿನವೇ ತಪ್ಪಿಹೋಗುವುದುಂಟು. ಪ್ರಾಣ ಹೋದ ಗಳಿಗೆಯಲ್ಲಿ ಯಾವ ತಿಥಿಯೋ ಅದೇ ಮೃತತಿಥಿ. ಮರಣ ಪ್ರಮಾಣಪತ್ರದಲ್ಲಿ ದಿನಾಂಕವಷ್ಟೇ ಸಿಗುತ್ತದೆ. ಹೊತ್ತು ಬೇಕೆಂದರೆ ಆಸ್ಪತ್ರೆಯ ಡೆತ್ ಸಮ್ಮರಿಯಲ್ಲಿ ನೋಡಿ ಬರೆದಿಡಿ. ಕ್ಯಾಲೆಂಡರಿನ ಚೌಕದಲ್ಲಿರುವುದು ಸೂರ್ಯೋದಯದ ತಿಥಿ, ಮಧ್ಯಾಹ್ನಕ್ಕೆ ಬೇರೆಯಾಗಿರಬಹುದು.

ವಿದೇಶದಲ್ಲಿ ತೀರಿಕೊಂಡರೆ ಗೊಂದಲ ಇನ್ನೂ ಹೆಚ್ಚು. ತಿಥಿ ಎಂದರೆ ಸೂರ್ಯ ಚಂದ್ರರ ನಡುವಿನ ಅಂತರ, ಆ ಕ್ಷಣಕ್ಕೆ ಲೋಕಕ್ಕೆಲ್ಲ ಒಂದೇ. ನ್ಯೂಜೆರ್ಸಿಯಲ್ಲಿ ಬೇಸಿಗೆಯ ರಾತ್ರಿ 9 ಗಂಟೆ ಎಂದರೆ ಇಲ್ಲಿ ಮರುದಿನ ಬೆಳಿಗ್ಗೆ 6:30. ಆ ಹೊತ್ತನ್ನು ಇಲ್ಲಿನ ಪಂಚಾಂಗದಲ್ಲಿ ನೋಡಿದರೆ ಸರಿಯಾಗುತ್ತದೆ. ಅಲ್ಲಿನ ತಾರೀಖು ಹಿಡಿದು ಇಲ್ಲಿನ ಕ್ಯಾಲೆಂಡರ್ ನೋಡಿದರೆ ಒಂದು ದಿನ ತಪ್ಪುತ್ತದೆ.

ಮುಂದಿನ ವರ್ಷ ಶ್ರಾದ್ಧದ ದಿನ ಹುಡುಕುವಾಗ ಅಪರಾಹ್ನಕ್ಕೆ ಆ ತಿಥಿ ಇರುವ ದಿನ ನೋಡುತ್ತಾರೆ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯದು ಅಪರಾಹ್ನ. ಆರರಿಂದ ಆರರ ಹಗಲಿಗೆ 1:12ರಿಂದ 3:36. ಅಧಿಕಮಾಸದಲ್ಲಿ ತೀರಿಕೊಂಡವರಿಗೆ, ಉದಾಹರಣೆಗೆ 2026ರ ಅಧಿಕ ಜ್ಯೇಷ್ಠದಲ್ಲಿ, ಮರುವರ್ಷ ಸಾಧಾರಣ ಜ್ಯೇಷ್ಠದಲ್ಲೇ ಮಾಡುವುದು. ಗಂಡನಿಗಿಂತ ಮೊದಲು ಹೋದ ಹೆಂಡತಿಗೆ ಪಿತೃಪಕ್ಷದ ಅವಿಧವಾ ನವಮಿಯ ಶ್ರಾದ್ಧ ಇದೆ. ಗಂಡನೂ ಹೋದ ಮೇಲೆ ಹಲವು ಮನೆಗಳಲ್ಲಿ ಅದು ನಿಲ್ಲುತ್ತದೆ. ಉಳಿದದ್ದಕ್ಕೆ ನಿಮ್ಮ ಮನೆಯ ಪದ್ಧತಿ ಬಲ್ಲ ಪುರೋಹಿತರನ್ನೇ ಕೇಳಿ. ತಿಥಿ ಹಿಡಿಯದೆ ತಾರೀಖಿಗೇ ಪುಣ್ಯಸ್ಮರಣೆ ಮಾಡುವ ಮನೆಗಳಿಗೆ ಈ ಯಾವ ತಾಪತ್ರಯವೂ ಇಲ್ಲ.

ತಾಳೆಗರಿ

ಒಂದು ಅಡ್ಡಮಾತು. ಹೊಯ್ಸಳ ದಂಡನಾಯಕ ಗಂಗರಾಜ ತನ್ನ ಹೆಂಡತಿ ಲಕ್ಷ್ಮಿಗಾಗಿ ನಿಲ್ಲಿಸಿದ ನಿಷಿಧಿ (ತೀರಿಕೊಂಡ ಜೈನರ ನೆನಪಿನ ಕಲ್ಲು) ಶ್ರವಣಬೆಳಗೊಳದಲ್ಲಿದೆ, 12ನೇ ಶತಮಾನದ್ದು. ನಮ್ಮ ಕಡೆಯ ಎಷ್ಟೋ ನಿಷಿಧಿಗಳಲ್ಲಿ ಶಕವರ್ಷ, ಮಾಸ, ಪಕ್ಷ, ತಿಥಿ, ವಾರದವರೆಗೂ ಕೆತ್ತಿರುತ್ತಾರೆ. ಈಗಿನ ಕಲ್ಲುಗಳಲ್ಲಿ "ಪ್ರೀತಿಯ ನೆನಪಿಗಾಗಿ" ಅಂತ ದೊಡ್ಡದಾಗಿ, ತಾರೀಖು ಸಣ್ಣದಾಗಿ. ಕಲ್ಲು ಕೆತ್ತಿಸುವವರು ಒತ್ತಕ್ಷರ ನೋಡಿಕೊಳ್ಳಿ. ಅಕ್ಷರ ಒಂದು ಇಂಚಿಗಿಂತ ಚಿಕ್ಕದಾದರೆ ಗ್ರಾನೈಟಿನಲ್ಲಿ ಒತ್ತು ಚಕ್ಕೆ ಏಳುತ್ತೆ. ಕರಡನ್ನು ಕಾಗದದ ಮೇಲೆ ನಿಜ ಅಳತೆಯಲ್ಲಿ ತರಿಸಿಕೊಂಡು ಮೂರು ಜನ ಓದಿ. ಕಲ್ಲಿಗೆ ಅಳಿಸೋ ರಬ್ಬರ್ ಇಲ್ಲ.

ಅಚ್ಚುಮೊಳೆ

ನೆನಪಿನ ಹೊತ್ತಗೆ ಮಾಡಿಸುವವರಿಗೆ: ಡೆಮಿ 1/8 ಅಳತೆ (ಸಾಮಾನ್ಯ ಪುಸ್ತಕದ ಗಾತ್ರ), 16 ಪುಟಕ್ಕೊಂದು ಫಾರಂ (ಒಟ್ಟಿಗೆ ಅಚ್ಚಾಗುವ ಹಾಳೆ), ಹಾಗಾಗಿ 64 ಅಥವಾ 80 ಪುಟಕ್ಕೆ ಹೊಂದಿಸಿ. 82 ಪುಟವಾದರೆ ದುಡ್ಡು ದಂಡ. ಒಳಪುಟ 70 ಜಿಎಸ್‌ಎಂ ಮ್ಯಾಪ್ಲಿಥೊ (ಸಾದಾ ಮುದ್ರಣ ಕಾಗದ; ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಅಂತ), ಫೋಟೋ ಪುಟ 130 ಜಿಎಸ್‌ಎಂ ಆರ್ಟ್ ಪೇಪರ್. ನೂರಿನ್ನೂರು ಪ್ರತಿಗೆ ಡಿಜಿಟಲ್ ಮುದ್ರಣ ಸಾಕು. ನುಡಿ ತಂತ್ರಾಂಶದಲ್ಲಿ ಬರೆದವರು, ಯೂನಿಕೋಡಿನಲ್ಲಿ ಬರೆದವರು ಎರಡೂ ಇರ್ತಾರೆ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಜಾರುತ್ತವೆ. ಕೊನೆಯ ಪ್ರೂಫನ್ನು ಕಾಗದದ ಮೇಲೇ ನೋಡಿ.

ಲೇಖನ ಕೇಳುವಾಗ "ಅವರ ಬಗ್ಗೆ ನಾಲ್ಕು ಮಾತು ಬರೀರಿ" ಅಂದರೆ ಮೂವತ್ತು ಜನ "ಅಜಾತಶತ್ರು, ಸರಳ ಸಜ್ಜನಿಕೆ" ಅಂತ ಬರೆದು ಕಳಿಸ್ತಾರೆ. ಪ್ರಶ್ನೆ ಕೇಳಿ: ಫೋನ್ ಎತ್ತಿದ ತಕ್ಷಣ ಏನಂತಿದ್ದರು? ಯಾವ ಗಾದೆ ಬಾಯಲ್ಲಿತ್ತು? ಯಾವುದಕ್ಕೆ ಸಿಟ್ಟು ಬರ್ತಿತ್ತು? ಒಂದು ಪುಟಕ್ಕಿಂತ ಹೆಚ್ಚು ಬೇಡ ಅಂತ ಮೊದಲೇ ಹೇಳಿ.

ದತ್ತಿ ಲೆಕ್ಕ

ತೀರಿಕೊಂಡವರ ಹೆಸರಿನಲ್ಲಿ ದತ್ತಿ (ಸಂಸ್ಥೆಯಲ್ಲಿ ಇಡುವ ಕಾಯಂ ಠೇವಣಿ) ಇಡುವವರು ಬಡ್ಡಿ ಲೆಕ್ಕ ಮೊದಲು ಮಾಡಿ. ಮೂಲಧನ ಮುಟ್ಟೋ ಹಾಗಿಲ್ಲ, ಬಡ್ಡಿಯಲ್ಲೇ ಕಾರ್ಯಕ್ರಮ. 1 ಲಕ್ಷಕ್ಕೆ 7ರ ದರದಲ್ಲಿ ವರ್ಷಕ್ಕೆ 7,000, ದರ 6 ಆದರೆ 6,000. ಊಟ, ಹಾರ, ಆಹ್ವಾನ ಪತ್ರಿಕೆಗೇ ಅದು ಮುಗಿಯುತ್ತೆ. "ಪ್ರತಿವರ್ಷ ಚಿನ್ನದ ಪದಕ" ಅಂತ ಬರೆಸಿದರೆ ಚಿನ್ನದ ದರ ಏರಿ ಪದಕವೇ ನಿಲ್ಲುತ್ತೆ. "ಆ ವರ್ಷದ ಬಡ್ಡಿಯಷ್ಟು ನಗದು ಅಥವಾ ಪುಸ್ತಕ" ಅಂತ ಬರೆಸಿ. ಬಡ್ಡಿಯಲ್ಲಿ ಐದರಲ್ಲೊಂದು ಪಾಲು ಮೂಲಧನಕ್ಕೆ ಸೇರಬೇಕು ಅಂತಲೂ ಒಂದು ಸಾಲು ಹಾಕಿಸಿ. ದಾನಿ ಹೆಸರಿಗಿಂತ ತೀರಿಕೊಂಡವರ ಹೆಸರೇ ಪತ್ರದಲ್ಲಿ ಮೊದಲು ಬರಲಿ, ಪೂರ್ತಿ ಹೆಸರು, ತವರಿನ ಊರು ಸಮೇತ.

ವಾಚನಾಲಯದ ಮೇಜು

ಇಷ್ಟೆಲ್ಲ ಕಾಪಿ ಮಾಡಿದ್ದನ್ನು ಇಡೋದೆಲ್ಲಿ? ಆಮೇಲೆ ಎಐ ಬಳಸಿ ಅವರ ದನಿಯಲ್ಲೇ ಹೊಸ ಮಾತು ಆಡಿಸ್ತೀವಿ ಅಂತ ಜಾಹೀರಾತು ಬರ್ತಿವೆ, ಅದರ ಬಗ್ಗೆ?

ಟೇಪ್ ರಿಪೇರಿ

ಮೂರು ಪ್ರತಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿರುವ ಮಕ್ಕಳ ಹತ್ತಿರ. ಪೆನ್‌ಡ್ರೈವನ್ನೇ ನಂಬಿ ಲಾಕರಿನಲ್ಲಿ ಇಡಬೇಡಿ. ವರ್ಷಕ್ಕೊಮ್ಮೆ, ತಿಥಿಯ ದಿನವೇ ಆಗಲಿ, ಮೂರನ್ನೂ ತೆರೆದು ಕೇಳಿ. ಹಳೇ ಫೋನ್ ಇಟ್ಟುಕೊಳ್ಳೋದಾದರೆ ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ, ಮೂರು ತಿಂಗಳಿಗೊಮ್ಮೆ ನೋಡಿ. ಬ್ಯಾಟರಿ ಉಬ್ಬಿದರೆ ಹಿಂಬದಿ ಮುಚ್ಚಳ ಏಳುತ್ತೆ, ಆಗ ಚಾರ್ಜಿಗೆ ಹಾಕಬೇಡಿ.

ಎಐ ದನಿಗೆ ನನ್ನ ಒಪ್ಪಿಗೆ ಇಲ್ಲ. ಬೇಕು ಅನ್ನೋರು ಮಕ್ಕಳನ್ನೂ ಕೇಳಿ ಮಾಡಲಿ, ಮೂಲದ ಜೊತೆ ಅದನ್ನು ಕಲಸದೆ ಬೇರೆ ಫೋಲ್ಡರಿನಲ್ಲಿ ಇಡಲಿ. ಯಾವುದು ನಿಜವಾಗಿ ಆಡಿದ ಮಾತು ಅನ್ನೋದು ಮುಂದಿನವರಿಗೆ ಗೊತ್ತಾಗಬೇಕು.

ಒಗ್ಗರಣೆ ಸೌಟು

ಲೋಟದ ವಿಷಯಕ್ಕೆ ಒಂದು ಬಿಟ್ಟುಹೋಗಿತ್ತು. ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಿರ್ತಾರಲ್ಲ, ಅಂಚಿನಲ್ಲೋ ತಳದಲ್ಲೋ. ಮದುವೆ ತಾರೀಖು, ತವರಿನವರ ಹೆಸರು ಅಲ್ಲೇ ಇರುತ್ತೆ. ಸ್ಟೀಲಿನದು ಹೊಳಪಿಗೆ ಕಾಣದಿದ್ದರೆ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ, ಪಾತ್ರೆ ಮೈಗೆ ತಾಗೋ ಹಾಗೆ ಓರೆಯಾಗಿ ಹಿಡಿದು ಫೋಟೋ ತೆಗೀರಿ, ಚುಕ್ಕಿಗಳ ನೆರಳು ಎದ್ದು ಕಾಣುತ್ತೆ. ತೆಳ್ಳನೆ ಕಾಗದ ಒತ್ತಿಟ್ಟು ಮೇಲೆ ಪೆನ್ಸಿಲ್ ಉಜ್ಜಿದರೂ ಬರುತ್ತೆ. ಹಿತ್ತಾಳೆಯದ್ದನ್ನು ಹುಣಸೆಹಣ್ಣು ಹಾಕಿ ಉಜ್ಜೋ ಮುಂಚೆ ಈ ಕೆಲಸ ಮಾಡಿ. ಉಜ್ಜಿದಷ್ಟೂ ಅಕ್ಷರ ಸವೆಯುತ್ತೆ.